ಎರಡು ಸಲ ಬಂದ ಹೆಸರು

ಒಂದು ಊರಿನಲ್ಲಿ ಹಾಲಪ್ಪ ಎಂಬ ಕಂಪ್ಯೂಟರ್ ಕೆಲಸದವನಿದ್ದ. ದೊಡ್ಡ ಕಂಪನಿಯೇನಲ್ಲ. ಹಳೇ ಹತ್ತಿ ಮಿಲ್ಲಿನ ಮಹಡಿ ಮೇಲೆ ಎರಡು ಕೋಣೆ, ಐದು ಕುರ್ಚಿ, ಕೆಟ್ಟು ಕೂತ ಒಂದು ಫ್ಯಾನು. ಊರಿನ ಅಂಗಡಿ, ಶಾಲೆ, ಸೊಸೈಟಿಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆದು ಕೊಡುತ್ತಿದ್ದ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೀತಿಕಥೆ ಅಂದ ಕೂಡಲೇ ನೀವು ಕೆಟ್ಟವನು ಯಾರು ಅಂತ ಹುಡುಕಲು ಶುರು ಮಾಡುತ್ತೀರಿ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ನನ್ನ ಸಂಕಟವೇ ಅದು.

ಹಾಲಪ್ಪ ಆ ಕುರ್ಚಿಯಲ್ಲಿ ಕೂರುವಂತಾಗಿದ್ದು ಗುರುಪಾದಯ್ಯ ಮೇಷ್ಟ್ರಿಂದ. ಅದು ಹೇಗೆ ಅಂತ ಕೇಳಿ.

ಹತ್ತನೇ ಕ್ಲಾಸಿನಲ್ಲಿ ಇಬ್ಬರು ಹಾಲಪ್ಪಂದಿರಿದ್ದರು. ಒಬ್ಬ ತಿಪ್ಪೇಸ್ವಾಮಿ ಮಗ, ಇನ್ನೊಬ್ಬ ತಿಮ್ಮಪ್ಪನ ಮಗ. ಹಾಜರಿ ಪುಸ್ತಕದಲ್ಲಿ ಇಬ್ಬರೂ ಟಿ. ಹಾಲಪ್ಪ. ಒಂದರ ಕೆಳಗೆ ಒಂದು. ಮೇಷ್ಟ್ರು ದಿನಾ ಎರಡು ಸಲ ಕೂಗುತ್ತಿದ್ದರು, ಎರಡು ಸಲವೂ "ಹಾಜರ್ ಸಾರ್" ಬರುತ್ತಿತ್ತು. ಪಬ್ಲಿಕ್ ಪರೀಕ್ಷೆಗೆ ಹೆಸರು ಕಳಿಸಿದಾಗ ತಾಲ್ಲೂಕು ಆಫೀಸಿನಲ್ಲಿ ಯಾರೋ ಪುಣ್ಯಾತ್ಮ, ಒಂದೇ ಹೆಸರು ತಪ್ಪಿ ಎರಡು ಸಲ ಬರೆದಿದ್ದಾರೆ ಅಂದುಕೊಂಡ. ಮೇಲಿನದನ್ನು ಹೊಡೆದು ಹಾಕಿದ. ಮೇಲಿನವನು ನಮ್ಮ ಹಾಲಪ್ಪ, ತಿಪ್ಪೇಸ್ವಾಮಿ ಮಗ. ಎಲ್ಲರಿಗೂ ಹಾಲ್ ಟಿಕೆಟ್ ಬಂತು, ಅವನಿಗೆ ಬರಲಿಲ್ಲ.

ಹುಡುಗ ಶಾಲೆಯ ಹಿಂದಿನ ಗೋಡೆಗೆ ಒರಗಿ ಅಳುತ್ತಿದ್ದ. ಮೇಷ್ಟ್ರು ಅದನ್ನು ನೋಡಿದರು. ಸೈಕಲ್ ಹತ್ತಿ ಹನ್ನೆರಡು ಮೈಲಿ ತುಳಿದುಕೊಂಡು ತಾಲ್ಲೂಕಿಗೆ ಹೋದರು. ಬೆಳಿಗ್ಗೆಯಿಂದ ಸಂಜೆವರೆಗೆ ಆಫೀಸಿನ ಬೆಂಚಿನ ಮೇಲೆ ಕೂತರು. ಕೊನೆಗೆ ಸಾಹೇಬರು ಒಳಗೆ ಕರೆದಾಗ ಅವರು ಹೇಳಿದ್ದು ಇಷ್ಟೇ:

"ಹೆಸರು ಎರಡು ಸಲ ಬಂತು ಅಂದ್ರೆ ತಪ್ಪಲ್ಲ ಸ್ವಾಮಿ. ಹುಡುಗರು ಇಬ್ಬರಿದ್ದಾರೆ."

ಪರೀಕ್ಷೆಯ ಹಿಂದಿನ ದಿನ ಹಾಲ್ ಟಿಕೆಟ್ ಕೈಗೆ ಬಂತು. ಹಾಲಪ್ಪ ಪಾಸಾದ, ಮುಂದೆ ಓದಿದ, ಮನುಷ್ಯನಾದ. ಮೇಷ್ಟ್ರ ಹೆಸರು ಬಂದರೆ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದ. ತೋರಿಕೆಗಲ್ಲ, ನಿಜವಾಗಿ.

ಈಗ ಆಸ್ಪತ್ರೆಯ ವಿಷಯ. ಆ ಊರಿನ ಹೊಳೆ ದಂಡೆಯಲ್ಲಿ ಒಂದು ಆಸ್ಪತ್ರೆ. ಅಲ್ಲಿ ಪ್ರತಿ ರೋಗಿಗೂ ಒಂದು ದಪ್ಪ ಹಳದಿ ಚೀಟಿ. ಯಾರಿಗೆ ಯಾವ ಔಷಧಿ ಮೈಗೆ ಆಗುವುದಿಲ್ಲವೋ ಅದನ್ನು ಕಾಂಪೌಂಡರು ಆ ಚೀಟಿಯ ತಲೆ ಮೇಲೆ ಕೆಂಪು ಇಂಕಿನಲ್ಲಿ ಬರೆಯುತ್ತಿದ್ದರು. ಗುರುಪಾದಯ್ಯ ಮೇಷ್ಟ್ರ ಚೀಟಿಯಲ್ಲಿ ಎರಡು ಹೆಸರಿದ್ದವು. ಸಲ್ಫಾ, ಪೆನ್ಸಿಲಿನ್. ಹಿಂದೊಮ್ಮೆ ಸಲ್ಫಾ ಮಾತ್ರೆ ನುಂಗಿ ತುಟಿಯೆಲ್ಲ ಸುಲಿದು ಹೋಗಿ ಬದುಕಿ ಬಂದಿದ್ದರು. ಆದರೂ ಆ ಹೆಸರುಗಳು ಅವರ ನಾಲಿಗೆಗೆ ಹತ್ತಲಿಲ್ಲ. "ಅದನ್ನ ನೆನಪಿಟ್ಟುಕೊಳ್ಳೋದು ಚೀಟಿ ಕೆಲಸ, ನಂದಲ್ಲ" ಎಂದು ನಗುತ್ತಿದ್ದರು. ಜೇಬಿನಲ್ಲಿ ಕನ್ನಡಕದ ಜೊತೆ ಆ ಚೀಟಿ ಸದಾ ಇರುತ್ತಿತ್ತು.

ಆಸ್ಪತ್ರೆಯವರು ಈ ಚೀಟಿಗಳನ್ನೆಲ್ಲ ತೆಗೆದು ಕಂಪ್ಯೂಟರಿಗೆ ಹಾಕಬೇಕು ಎಂದುಕೊಂಡರು. ಕೆಲಸ ಹಾಲಪ್ಪನಿಗೆ ಬಂತು. ಡಾಕ್ಟರು ಮಾತ್ರೆಯ ಹೆಸರು ಒತ್ತಬೇಕು. ಕಂಪ್ಯೂಟರ್ ಬೇರೊಂದು ಊರಿನಲ್ಲಿರುವ ಔಷಧಿ ಪಟ್ಟಿಯನ್ನು ಕೇಳಬೇಕು: ಈ ರೋಗಿಗೆ ಇಂಥಿಂಥದು ಆಗದು, ಈ ಮಾತ್ರೆ ಕೊಡಬಹುದೇ? ಕೊಡಬಹುದು ಅಂದರೆ ಹಸಿರು, ಬೇಡ ಅಂದರೆ ಕೆಂಪು.

ಆ ಪ್ರಶ್ನೆ ಹೋಗುವುದು ಒಂದು ವಿಳಾಸದ ರೂಪದಲ್ಲಿ. ವಿಳಾಸದ ಕೊನೆಗೆ ಒಂದು ಪ್ರಶ್ನೆ ಚಿಹ್ನೆ, ಅದರ ಮುಂದೆ ಒಂದು ಬಾಲ. ವಿವರವೆಲ್ಲ ಆ ಬಾಲದಲ್ಲೇ. ಮೇಷ್ಟ್ರ ಬಾಲ ಹೀಗಿರಬೇಕು: ಆಗದ್ದು=ಸಲ್ಫಾ, ಆಗದ್ದು=ಪೆನ್ಸಿಲಿನ್. ಎರಡು ಔಷಧಿ ಆಗದಿದ್ದರೆ 'ಆಗದ್ದು' ಅನ್ನುವ ಹೆಸರು ಎರಡು ಸಲ ಬರುತ್ತದೆ. ಇಷ್ಟು ನೆನಪಿಟ್ಟುಕೊಳ್ಳಿ. ಇದಕ್ಕಿಂತ ಹೆಚ್ಚಿನ ಕಂಪ್ಯೂಟರ್ ವಿದ್ಯೆ ಈ ಕಥೆಗೆ ಬೇಡ.

ಅಯ್ಯೋ, ಇನ್ನೊಂದು ಬೇಕು. ಅದು ಸಿದ್ದಗಂಗಮ್ಮನ ಕೆಲಸ.

ಸಿದ್ದಗಂಗಮ್ಮ ಹಾಲಪ್ಪನ ಆಫೀಸಿನಲ್ಲಿ ಹತ್ತು ವರ್ಷದಿಂದ ಇದ್ದವಳು. ಬರೆದ ಸಾಫ್ಟ್‌ವೇರ್ ಸರಿಯಾಗಿದೆಯೋ ಇಲ್ಲವೋ ಪರೀಕ್ಷೆ ಮಾಡುವುದು ಅವಳ ಪಾಲಿನದು. ಅದಕ್ಕೊಂದು ಉಪಕರಣ ಇಟ್ಟುಕೊಂಡಿದ್ದಳು. ಹಳೇ ಟೇಪ್ ರೆಕಾರ್ಡರ್ ಇದ್ದ ಹಾಗೆ ಅಂದುಕೊಳ್ಳಿ. ಮೊದಲನೇ ಸಲ ಅದು ನಿಜವಾಗಿಯೂ ಔಷಧಿ ಪಟ್ಟಿಯನ್ನು ಕೇಳಿ, ಹೋದ ಪ್ರಶ್ನೆಯನ್ನೂ ಬಂದ ಉತ್ತರವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತದೆ. ಆಮೇಲೆ ಪ್ರತಿ ಸಲ ಅಷ್ಟು ದೂರ ಹೋಗಿ ಕೇಳುವುದಿಲ್ಲ, ರೆಕಾರ್ಡ್ ಆದ ಉತ್ತರವನ್ನೇ ಹಾಕುತ್ತದೆ. ಆದರೆ ಒಂದು ಷರತ್ತು. ಇವತ್ತು ಕೇಳಿದ ಪ್ರಶ್ನೆ ಆವತ್ತಿನದೇ ಆಗಿರಬೇಕು. ಬೇರೆಯಾದರೆ ಕೆಂಪಗಾಗಿ ಕಿರುಚುತ್ತದೆ.

ಆಫೀಸಿನಲ್ಲಿ ಆ ರೆಕಾರ್ಡುಗಳಿಗೆ ಕ್ಯಾಸೆಟ್ ಅನ್ನುತ್ತಿದ್ದರು. ಹೊಸ ಕ್ಯಾಸೆಟ್ ಆದಾಗಲೆಲ್ಲ ಸಿದ್ದಗಂಗಮ್ಮ ಅದರ ಪ್ರಶ್ನೆಯನ್ನು ಒಂದು ಸಲ ಗಟ್ಟಿಯಾಗಿ ಓದುತ್ತಿದ್ದಳು. "ಇದೇನವ್ವ, ಸಹಸ್ರನಾಮನಾ?" ಎಂದು ಉಳಿದವರು ರೇಗಿಸುತ್ತಿದ್ದರು. "ಕಣ್ಣು ಹಾರಿಸಿದ್ದನ್ನ ನಾಲಿಗೆ ಹಿಡೀತದೆ" ಎನ್ನುತ್ತಿದ್ದಳು. ಇನ್ನೊಂದು ಕೆಲಸವನ್ನೂ ಅವಳು ಮಾಡಿಟ್ಟಿದ್ದಳು. ಉಪಕರಣವು ಬಾಲವನ್ನು ಹೇಗೆ ಓದಬೇಕು ಎಂದು ಹೇಳುವ ಒಂದು ಸಾಲು ಇರುತ್ತದೆ. ಅಲ್ಲಿ ಅವಳು ಹೀಗೆ ಬರೆದಿದ್ದಳು: ಒಂದೇ ಹೆಸರು ಎಷ್ಟು ಸಲ ಬಂದರೂ ಅಷ್ಟನ್ನೂ ಇಟ್ಟುಕೋ.

ಶನಿವಾರ ಉದ್ಘಾಟನೆ ಅಂತ ಗೊತ್ತಾಯಿತು. ಕಾರ್ಡು ಅಚ್ಚಾಯಿತು. ಮುಖ್ಯ ಅತಿಥಿ ಯಾರು? ಗುರುಪಾದಯ್ಯ ಮೇಷ್ಟ್ರು. ಹಾಲಪ್ಪನೇ ಹಟ ಹಿಡಿದು ಹಾಕಿಸಿದ್ದ. ಮೇಷ್ಟ್ರ ಮನೆಗೆ ಹೋಗಿ, ಕಾಲಿಗೆ ಬಿದ್ದು, ಕಾರ್ಡು ಕೊಟ್ಟು ಬಂದಿದ್ದ. ಮೇಷ್ಟ್ರು ಆ ಕಾರ್ಡನ್ನು ಬೀದಿಯಲ್ಲಿ ಕಂಡವರಿಗೆಲ್ಲ ತೋರಿಸಿದ್ದರು. "ನಮ್ಮ ಹುಡುಗ ಕಣ್ರೀ."

ಬುಧವಾರ ಹಾಲಪ್ಪ ಪ್ರಶ್ನೆ ಕಟ್ಟುವ ಭಾಗವನ್ನು ಒಂಚೂರು ಚೊಕ್ಕ ಮಾಡಲು ಕೂತ. ಚೆನ್ನಾಗಿಯೇ ನಡೆಯುತ್ತಿದ್ದುದನ್ನು ಕೆದಕಿದ. ಹೊಸದಾಗಿ ಬರೆದದ್ದರಲ್ಲಿ ಒಂದೊಂದು ಹೆಸರಿಗೆ ಒಂದೊಂದೇ ಡಬ್ಬಿ. ಅದೇ ಹೆಸರು ಮತ್ತೆ ಬಂದರೆ ಹೊಸದು ಡಬ್ಬಿಯೊಳಗೆ, ಹಳೆಯದು ಹೊರಗೆ. ಸಲ್ಫಾ ಕೂತಿದ್ದ ಜಾಗಕ್ಕೆ ಪೆನ್ಸಿಲಿನ್ ಬಂದು ಕೂತಿತು. ಸಲ್ಫಾ ಎಲ್ಲಿ ಬಿತ್ತು ಅಂತ ಯಾರಿಗೂ ಗೊತ್ತಾಗಲಿಲ್ಲ, ಹಾಲಪ್ಪನಿಗೂ ಗೊತ್ತಾಗಲಿಲ್ಲ.

ಉಪಕರಣಕ್ಕೆ ಗೊತ್ತಾಯಿತು. ಗುರುವಾರ ಬೆಳಿಗ್ಗೆ ಪರೀಕ್ಷೆ ಓಡಿಸಿದರೆ ನಲವತ್ತೊಂದು ಕಡೆ ಕೆಂಪು. ರೆಕಾರ್ಡ್ ಆದ ಪ್ರಶ್ನೆ ಬೇರೆ, ಈ ಪ್ರಶ್ನೆ ಬೇರೆ. ನಲವತ್ತೊಂದು ಸಲ ಅದೇ ಕೂಗು.

ಹಾಲಪ್ಪ ಕ್ಯಾಲೆಂಡರ್ ನೋಡಿದ. ಮಧ್ಯೆ ಉಳಿದದ್ದು ಶುಕ್ರವಾರ ಒಂದೇ. ಶಾಲು ತಂದಾಗಿದೆ, ಹಾರ ಹೇಳಿ ಆಗಿದೆ. ಒಂದೊಂದು ಕೆಂಪನ್ನೂ ಬಿಡಿಸಿ ನೋಡಬೇಕಿತ್ತು. ಒಂದನ್ನಾದರೂ ಬಿಡಿಸಿ ನೋಡಿದ್ದರೆ ಸಾಕಿತ್ತಲ್ಲ ಮಾರಾಯ! ನೋಡಲಿಲ್ಲ. ತಪ್ಪು ಟೇಪಿನದೇ ಇರಬೇಕು, ಅದು ಬಾಲವನ್ನು ಓದುವ ರೀತಿಯೇ ಸರಿಯಿಲ್ಲ ಎಂದುಕೊಂಡ. ಸಿದ್ದಗಂಗಮ್ಮ ಬರೆದಿದ್ದ ಸಾಲನ್ನು ಅಳಿಸಿ ಬೇರೆ ಬರೆದ: ಒಂದೇ ಹೆಸರು ಎರಡು ಸಲ ಬಂದರೆ ಕೊನೆಯದು ಸಾಕು.

ಮತ್ತೆ ಓಡಿಸಿದ. ನಲವತ್ತೊಂದೂ ಹಸಿರು.

ಏನಾಯಿತು ಗೊತ್ತಾಯಿತಲ್ಲ? ಕ್ಯಾಸೆಟ್ಟಿನಲ್ಲಿ ಎರಡು ಇದ್ದದ್ದನ್ನೂ ಉಪಕರಣ ಈಗ ಒಂದೇ ಅಂತ ಓದಿತು. ಸಾಫ್ಟ್‌ವೇರ್ ಕೇಳಿದ್ದೂ ಒಂದೇ. ಒಂದಕ್ಕೆ ಒಂದು ಸರಿಹೋಯಿತು. ಕಣ್ಣು ಮುಚ್ಚಿದವನಿಗೆ ಕಣ್ಣು ಮುಚ್ಚಿದವನೇ ಸಾಕ್ಷಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಅಂತ ನಗುತ್ತೇವೆ. ಪಾಪ ಆ ಬೆಕ್ಕು ಕುಡಿಯುವುದು ಬರೀ ಹಾಲು.

ಮಧ್ಯಾಹ್ನ ಊಟ ಮುಗಿಸಿ ಬಂದ ಸಿದ್ದಗಂಗಮ್ಮ ಪರದೆ ನೋಡಿ ನಿಂತಳು.

"ಸಾರ್, ಬೆಳಿಗ್ಗೆ ನಲವತ್ತೊಂದು ಕೆಂಪಿತ್ತು. ಎಲ್ಲಿ ಹೋಯ್ತು?"

"ಸರಿ ಮಾಡಿದೆ."

"ನಾನು ಊಟ ಮಾಡಿ ಬರೋಷ್ಟರಲ್ಲಿ ನಲವತ್ತೊಂದಾ?" ಅವಳು ಕುರ್ಚಿ ಎಳೆದು ಕೂತು ಹುಡುಕಿದಳು. ಬದಲಾದ ಸಾಲು ಕಂಡಿತು. "ಅಲ್ಲ ಸಾರ್, ನೀವು ಸಾಫ್ಟ್‌ವೇರ್ ಸರಿ ಮಾಡಿಲ್ಲ. ಟೇಪಿನ ಕಿವಿಗೆ ಹತ್ತಿ ಇಟ್ಟಿದೀರಿ. ಎರಡು ಸಲ ಬಂದಿದ್ದು ಇನ್ನು ಇದಕ್ಕೆ ಕೇಳಿಸೋದೇ ಇಲ್ಲ."

"ಸಿದ್ದಗಂಗಮ್ಮ, ಎರಡು ಔಷಧಿ ಆಗದೋರು ಊರಲ್ಲಿ ಎಷ್ಟು ಜನ ಇರ್ತಾರೆ ಹೇಳಿ?"

"ಒಬ್ಬರಿದ್ರೂ ಸಾಕಲ್ಲ ಸಾರ್. ಎರಡು ದಿನ ಕೊಡಿ. ಒಂದೊಂದಾಗಿ ಓದಿ ನೋಡ್ತೀನಿ."

ಹಾಲಪ್ಪ ಮೇಜಿನ ಮೇಲಿದ್ದ ಆಮಂತ್ರಣ ಪತ್ರಿಕೆ ನೋಡಿದ. ಮೇಷ್ಟ್ರ ಹೆಸರು ದಪ್ಪ ಅಕ್ಷರದಲ್ಲಿತ್ತು. ಮುಂದೆ ಹಾಕಿದರೆ ಅವರ ಮುಖ ಹೇಗಾಗುತ್ತದೆ? ಅವರು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ.

"ಉದ್ಘಾಟನೆ ಆಗ್ಲಿ. ಸೋಮವಾರ ಮೊದಲನೇ ಕೆಲಸ ಅದೇ" ಎಂದ.

ಸಿದ್ದಗಂಗಮ್ಮ ಹಟ ಮಾಡಲಿಲ್ಲ. ಅವಳ ಮೇಲೂ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಒಂದು ತುಂಡು ಕಾಗದದ ಮೇಲೆ 'ಎರಡು ಸಲ ಬಂದ ಹೆಸರು, ನೋಡಬೇಕು' ಎಂದು ಬರೆದು ಹಾಲಪ್ಪನ ಪರದೆಯ ಅಂಚಿಗೆ ಅಂಟಿಸಿ ತನ್ನ ಕರ್ತವ್ಯ ಮುಗಿಯಿತು ಎಂದುಕೊಂಡಳು.

ಶನಿವಾರ ಉದ್ಘಾಟನೆ ಬಹಳ ಚೆನ್ನಾಗಿ ನಡೆಯಿತು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಂದಿದ್ದರು. ಮೊದಲ ರೋಗಿಯಾಗಿ ಅವರ ಹೆಸರನ್ನೇ ಬರೆಸಬೇಕೆಂದು ಎಲ್ಲರೂ ಅಂದರು. ಕಾಂಪೌಂಡರು ಚೀಟಿ ನೋಡಿ ಓದಿದರು, ಹಾಲಪ್ಪ ಸ್ವಂತ ಕೈಯಿಂದ ಒತ್ತಿದ. ಸಲ್ಫಾ. ಪೆನ್ಸಿಲಿನ್. ಎರಡೂ ಒತ್ತಿದ. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಯಾರಿಗೋ ಒಂದು ಯೋಚನೆ ಬಂತು. ಇನ್ನು ಚೀಟಿಯ ಕಾಲ ಮುಗಿಯಿತು, ಇದೊಂದನ್ನು ನೆನಪಿಗೆ ಇಡೋಣ ಎಂದರು. ಮೇಷ್ಟ್ರು ಜೇಬಿನ ಚೀಟಿಯನ್ನು ಸಂತೋಷದಿಂದ ಕೊಟ್ಟರು. ಸೋಮವಾರದ ಹೊತ್ತಿಗೆ ಅದು ಗಾಜಿನ ಚೌಕಟ್ಟಿನೊಳಗೆ ಸೇರಿ ಆಸ್ಪತ್ರೆಯ ಮೊಗಸಾಲೆಯ ಗೋಡೆಗೆ ಹೋಯಿತು. ಮೇಲೊಂದು ಗಂಧದ ಹಾರ ಬೇರೆ. ಬದುಕಿದ್ದವರ ಚೀಟಿಗೆ ಹಾರ ಹಾಕಿದರು ನೋಡಿ.

ಆ ಸೋಮವಾರ ಹಾಲಪ್ಪನಿಗೆ ಇನ್ನೆರಡು ಆಸ್ಪತ್ರೆಗಳಿಂದ ಫೋನ್ ಬಂತು. ನಮಗೂ ಹೀಗೇ ಮಾಡಿಕೊಡಿ ಎಂದರು. ಮಂಗಳವಾರ ಒಂದು ಕಡೆ ಹೋದ, ಬುಧವಾರ ಇನ್ನೊಂದು ಕಡೆ, ಎರಡೂ ಕಡೆ ಇದನ್ನೇ ಹಾಕಿ ಬಂದ. ಪರದೆಗೆ ಅಂಟಿಸಿದ್ದ ಕಾಗದದ ಅಂಟು ಒಣಗಿ ಒಂದು ದಿನ ಬಿತ್ತು. ಕಸ ಗುಡಿಸುವಾಗ ಹೋಯಿತು.

ಮೂರು ವಾರದ ಮೇಲೆ ಮೇಷ್ಟ್ರಿಗೆ ಜ್ವರ, ಉರಿಮೂತ್ರ. ಮಗಳು ಚೆನ್ನಮ್ಮ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಹೊಸಬರು, ಆದರೆ ಜಾಗ್ರತೆಯ ಮನುಷ್ಯ.

"ಅಜ್ಜಾರೇ, ಯಾವುದಾದ್ರೂ ಔಷಧಿ ಮೈಗೆ ಆಗಲ್ವಾ?"

ಮೇಷ್ಟ್ರ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಅಲ್ಲಿ ಕನ್ನಡಕ ಮಾತ್ರ ಇತ್ತು. ನಕ್ಕರು.

"ಎಲ್ಲಾ ಅದರೊಳಗೆ ಬರೆಸಿದೀನಿ ಡಾಕ್ಟ್ರೇ. ನಮ್ಮ ಹುಡುಗ ಮಾಡಿದ್ದು. ಅದನ್ನೇ ಕೇಳಿ, ತಪ್ಪು ಹೇಳಲ್ಲ."

ಡಾಕ್ಟರು ಮೊದಲು ಪೆನ್ಸಿಲಿನ್ ಜಾತಿಯ ಮಾತ್ರೆ ಒತ್ತಿದರು. ಕೆಂಪು. ಪರವಾಗಿಲ್ಲ, ಕಂಪ್ಯೂಟರ್ ಎಚ್ಚರವಾಗಿದೆ ಎಂದುಕೊಂಡರು. ಇನ್ನೊಂದು ಒತ್ತಿದರು. ಹಸಿರು. ಅದು ಸಲ್ಫಾ ಜಾತಿಯದು. ಐದು ದಿನಕ್ಕೆ ಬರೆದು ಕೊಟ್ಟರು. ಮೇಷ್ಟ್ರು ಹೊತ್ತು ತಪ್ಪಿಸದೆ ನುಂಗಿದರು, ಶಿಸ್ತಿನ ಮನುಷ್ಯ.

ಮೂರನೇ ದಿನ ಬಾಯೊಳಗೆ ಹುಣ್ಣೆದ್ದಿತು. ನಾಲ್ಕನೇ ದಿನ ಎದೆ, ಬೆನ್ನು, ತೋಳು ಎಲ್ಲ ಗುಳ್ಳೆ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಸುಟ್ಟ ಮೈಯವರ ಹಾಗೆ ಚರ್ಮ ಬಿಟ್ಟುಕೊಳ್ಳುತ್ತಿತ್ತು. ಬಾಳೆಲೆಯ ಮೇಲೆ ಮಲಗಿಸಿದರು. ಇನ್ನು ಬರೆಯಲು ನನ್ನಿಂದಾಗದು.

ನೀರು ತರಲು ಮೊಗಸಾಲೆಗೆ ಬಂದ ಚೆನ್ನಮ್ಮ ಗೋಡೆಯ ಕಡೆ ನೋಡಿದಳು. ಹಾರದ ಕೆಳಗೆ ಅಪ್ಪನ ಚೀಟಿ. ಕೆಂಪು ಇಂಕಿನಲ್ಲಿ ಎರಡು ಹೆಸರು. ನರ್ಸನ್ನು ಕರೆದು, "ಅಪ್ಪನಿಗೆ ಕೊಟ್ಟ ಮಾತ್ರೆ ಯಾವ ಜಾತಿದು ತಾಯಿ?" ಎಂದು ಕೇಳಿದಳು. ನರ್ಸು ಹೇಳಿದಳು. ಚೆನ್ನಮ್ಮ ಕೊಡ ಅಲ್ಲೇ ಇಟ್ಟು ಡಾಕ್ಟರ ಕೋಣೆಗೆ ಓಡಿದಳು.

ಹಾಲಪ್ಪನಿಗೆ ಫೋನ್ ಹೋಯಿತು. ಅವನು ಆ ಕ್ಷಣವೇ ಮೂರೂ ಆಸ್ಪತ್ರೆಗಳಲ್ಲಿ ಸಾಫ್ಟ್‌ವೇರ್ ನಿಲ್ಲಿಸಿದ. ಹಳದಿ ಚೀಟಿಗಳನ್ನು ಮತ್ತೆ ಹೊರಗೆ ತೆಗೆಸಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆಮೇಲೆ ಆಸ್ಪತ್ರೆಗೆ ಓಡಿದ.

ಮೇಷ್ಟ್ರಿಗೆ ಕಣ್ಣು ಪೂರ್ತಿ ತೆರೆಯಲು ಬರುತ್ತಿರಲಿಲ್ಲ. ಹಾಲಪ್ಪ ಮಂಚದ ಪಕ್ಕ ನಿಂತ. ಮುಟ್ಟಿ ನಮಸ್ಕಾರ ಮಾಡೋಣ ಅಂದರೆ ಮುಟ್ಟಲು ಚರ್ಮವಿರಲಿಲ್ಲ.

"ಸಾರ್, ನಾನು ಹಾಲಪ್ಪ."

"ಯಾವ ಹಾಲಪ್ಪ?" ಅಂದರು ಮೇಷ್ಟ್ರು. ದನಿ ಬಹಳ ಸಣ್ಣಗಿತ್ತು.

"ತಿಪ್ಪೇಸ್ವಾಮಿ ಮಗ, ಸಾರ್."

"ಬಾಪ್ಪಾ." ಸ್ವಲ್ಪ ಹೊತ್ತು ಉಸಿರಾಡಿಕೊಂಡರು. "ಅವತ್ತು ಎರಡೂ ಬರೆಸಿದ್ನಲ್ಲೋ?"

ಹಾಲಪ್ಪ ಮಂಚದ ಕಬ್ಬಿಣ ಹಿಡಿದುಕೊಂಡು ಅತ್ತ. "ಬರೆಸಿದ್ರಿ ಸಾರ್. ತಪ್ಪು ನಂದೇ. ಎರಡರಲ್ಲಿ ಒಂದು ಬಿಟ್ಟುಹೋಯ್ತು. ಉಪಕರಣ ಹೇಳ್ತು, ಸಿದ್ದಗಂಗಮ್ಮನೂ ಹೇಳಿದ್ಲು. ನಾನು ಕೇಳಲಿಲ್ಲ. ನಿಮಗೆ ಶಾಲು ಹೊದಿಸೋ ಆತುರ ನನಗೆ."

"ಯಾವುದು ಬಿಟ್ಟುಹೋಯ್ತು? ಮೊದಲನೇದಾ?"

"ಹೌದು ಸಾರ್."

ಮೇಷ್ಟ್ರು ಕಣ್ಣು ಮುಚ್ಚಿದರು. ಮಲಗಿಬಿಟ್ಟರೇನೋ ಅಂದುಕೊಂಡರು ಎಲ್ಲ. ಆಮೇಲೆ, ಬೈಯುವ ದನಿಯಲ್ಲಲ್ಲ, ಲೆಕ್ಕದ ತಪ್ಪು ತೋರಿಸುವ ದನಿಯಲ್ಲಿ ಹೇಳಿದರು:

"ಅವತ್ತು ತಾಲ್ಲೂಕಿನಲ್ಲಿ ಹೊಡೆದು ಹಾಕಿದ್ದೂ ಮೊದಲನೇ ಹೆಸರೇ ಕಣೋ. ನಿಂದು."

ಅವರು ಆಡಿದ ಕೊನೆಯ ಪೂರ್ತಿ ಮಾತು ಅದು. ಅದಾದ ಮೇಲೆ ಮೂರು ದಿನ ಇದ್ದರು. ನಡುನಡುವೆ ಜ್ವರದಲ್ಲಿ ಹಾಜರಿ ಕೂಗುತ್ತಿದ್ದರು. ಟಿ. ಹಾಲಪ್ಪ ಅನ್ನುವರು. ಹೊರಗೆ ಬೆಂಚಿನ ಮೇಲೆ ಕೂತ ಹಾಲಪ್ಪ ಎದ್ದು ನಿಂತು "ಹಾಜರ್ ಸಾರ್" ಅನ್ನುವನು. ಅವರು ಮತ್ತೆ ಟಿ. ಹಾಲಪ್ಪ ಅನ್ನುವರು. ಎರಡನೆಯ ಹಾಲಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವನ ಪರವಾಗಿಯೂ ಇವನೇ ಕೂಗುವನು. ನಾಲ್ಕನೇ ದಿನ ಬೆಳಿಗ್ಗೆ ಒಳಗಿನಿಂದ ಹಾಜರಿ ಕೇಳಿಸಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಹಾಲಪ್ಪ ಮನೆಗೆ ಹೋಗಲಿಲ್ಲ, ಆಫೀಸಿಗೆ ಬಂದ. ತಾನು ಬರೆದಿದ್ದ ಸಾಲನ್ನು ಅಳಿಸಿ ಸಿದ್ದಗಂಗಮ್ಮನ ಸಾಲನ್ನು ಮತ್ತೆ ಬರೆದ. ಪರೀಕ್ಷೆ ಓಡಿಸಿದ. ನಲವತ್ತೊಂದು ಕೆಂಪು ಹಾಗೇ ಎದ್ದು ನಿಂತವು. ಅವು ಎಲ್ಲಿಗೂ ಹೋಗಿರಲಿಲ್ಲ. ಮೊದಲನೆಯದನ್ನು ಈಗ ಬಿಡಿಸಿ ನೋಡಿದ. ಏನು ತಪ್ಪಾಗಿದೆ ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಇರಬೇಕಾದದ್ದು ಎರಡು, ಇರುವುದು ಒಂದು. ಓದಲು ಒಂದು ನಿಮಿಷವೂ ಹಿಡಿಯಲಿಲ್ಲ.

ಸಿದ್ದಗಂಗಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು. ಅತ್ತು ಅತ್ತು ಅವಳ ಮುಖವೂ ಊದಿತ್ತು.

"ಓದಿ ಸಿದ್ದಗಂಗಮ್ಮ. ಗಟ್ಟಿಯಾಗಿ ಓದಿ" ಎಂದ ಹಾಲಪ್ಪ.

ಅವಳು ಓದಿದಳು. ಆಗದ್ದು, ಸಲ್ಫಾ. ಆಗದ್ದು, ಪೆನ್ಸಿಲಿನ್. ಹಾಲಪ್ಪ ಎದ್ದು ನಿಂತು ಕೇಳಿಸಿಕೊಂಡ. ನಲವತ್ತೊಂದು ಮುಗಿಯುವವರೆಗೂ ಕೂರಲಿಲ್ಲ.

ಆಸ್ಪತ್ರೆಯ ಗೋಡೆಯಿಂದ ಆ ಚೌಕಟ್ಟನ್ನು ತೆಗೆಯಬೇಕೆಂದು ಆಮೇಲೆ ಕೆಲವರು ಹೇಳಿದರು. ಚೆನ್ನಮ್ಮ ಬೇಡವೆಂದಳು. "ಈಗ ಹಾರಕ್ಕೆ ಸರಿಯಾಯ್ತಲ್ಲ, ಇರಲಿ" ಎಂದಳು. ಅದು ಅಲ್ಲೇ ಇದೆ.

ನೀತಿ: ಎಚ್ಚರಿಸುವ ದನಿ ಕಿರಿಕಿರಿ ಮಾಡಿತೆಂದು ಅದರ ಬಾಯಿ ಕಟ್ಟಬೇಡಿ, ಏನು ಹೇಳುತ್ತಿದೆ ಎಂದು ಮೊದಲು ಕೇಳಿ. ಅಳತೆಗೆ ಬಟ್ಟೆ ಕಡಿಮೆ ಬಿದ್ದರೆ ಬಟ್ಟೆಯನ್ನು ನೋಡಬೇಕು, ಗಜಕೋಲನ್ನು ಕತ್ತರಿಸಬಾರದು. ಗುರುವಿಗೆ ಸಲ್ಲಬೇಕಾದ ಗೌರವ ಶಾಲಿನಲ್ಲಿಲ್ಲ, ಅವರು ಕಲಿಸಿದ್ದನ್ನು ನಮ್ಮ ಕೆಲಸದಲ್ಲಿ ಮರೆಯದಿರುವುದರಲ್ಲಿದೆ.